ತಲೆಗೆ ಪೆಟ್ಟು ಬಿದ್ದ ಆಟಗಾರ ಮತ್ತೆ ಆಟಕ್ಕೆ ಇಳಿಯುವುದು ಯಾವಾಗ?

"ಸ್ಕ್ಯಾನ್ ನಾರ್ಮಲ್ ಬಂದಿದೆ, ನಾಡಿದ್ದು ಜಿಲ್ಲಾ ಮಟ್ಟದ ಮ್ಯಾಚ್ ಇದೆ, ಆಡಿಸಬಹುದಾ?"

ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಶುರುವಾದ ಮೇಲೆ ಈ ಪ್ರಶ್ನೆ ಬರುವುದು ನಿಲ್ಲುವುದೇ ಇಲ್ಲ. ಕೇಳುವವರಲ್ಲಿ ತಂದೆತಾಯಂದಿರಿದ್ದಾರೆ, ಪಿ.ಟಿ. ಮೇಷ್ಟ್ರುಗಳಿದ್ದಾರೆ, ಕ್ಲಬ್ ನಡೆಸುವವರಿದ್ದಾರೆ, ಆಟಗಾರರೂ ಇದ್ದಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಾಡಿದ್ದು ಆಡಿಸಬೇಡಿ. ಸ್ಕ್ಯಾನ್ ನಾರ್ಮಲ್ ಎಂದರೆ ಬುರುಡೆ ಒಡೆದಿಲ್ಲ, ಮಿದುಳಿನಲ್ಲಿ ರಕ್ತಸ್ರಾವ ಕಂಡಿಲ್ಲ ಎಂದಷ್ಟೇ ಅರ್ಥ. ಮಿದುಳು ಚೇತರಿಸಿಕೊಂಡಿದೆಯೋ ಇಲ್ಲವೋ ಎಂಬುದನ್ನು ಆ ಸ್ಕ್ಯಾನ್ ಹೇಳಲಾರದು.

ಹಾಗಾದರೆ ಯಾವಾಗ? ಅದಕ್ಕೊಂದು ಒಪ್ಪಿತ ಕ್ರಮವಿದೆ. ಜಗತ್ತಿನ ಕ್ರೀಡಾ ವೈದ್ಯರು 2001ರಿಂದ ಆಗಾಗ ಒಟ್ಟು ಸೇರಿ ಇದನ್ನು ತಿದ್ದುತ್ತ ಬಂದಿದ್ದಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ ಚರ್ಚಿಸಿ, 2023ರಲ್ಲಿ ಪ್ರಕಟಿಸಿದ ಕ್ರಮವನ್ನೇ ಇಲ್ಲಿ ನಮ್ಮ ಅಂಗಳಗಳಿಗೆ ಹೊಂದುವಂತೆ ವಿವರಿಸುತ್ತಿದ್ದೇನೆ. ಡಾಕ್ಟರ್ ನೋಡಬೇಕಾದ್ದನ್ನು ಡಾಕ್ಟರೇ ನೋಡಬೇಕು. ಆದರೆ ಡಾಕ್ಟರ್ ಬಳಿಗೆ ಹೋಗುವ ಮುಂಚೆ ಮತ್ತು ಹೋಗಿ ಬಂದ ಮೇಲೆ ಮಾಡಬೇಕಾದ ಬಹಳಷ್ಟು ಕೆಲಸ ನಿಮ್ಮ ಕೈಯಲ್ಲೇ ಇದೆ.

ಒಳಗೆ ಏನಾಗುತ್ತದೆ

ಪೆಟ್ಟಿನಿಂದ ತಲೆ ಜೋರಾಗಿ ಅಲುಗಿ, ಮಿದುಳಿನ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದೇ ಕನ್‌ಕಷನ್. ಏಟು ತಲೆಗೇ ಬೀಳಬೇಕೆಂದಿಲ್ಲ. ಕಬಡ್ಡಿಯಲ್ಲಿ ಡ್ಯಾಶ್ ತಿಂದ ರೈಡರ್ ಲೈನಿನಾಚೆ ಹಾರಿ ಬಿದ್ದಾಗ ತಲೆ ನೆಲಕ್ಕೆ ತಾಗದಿದ್ದರೂ, ಕುತ್ತಿಗೆ ಝಾಡಿಸಿದ ರಭಸಕ್ಕೇ ಕನ್‌ಕಷನ್ ಆಗಬಹುದು. ಹೆಪ್ಪುಗಟ್ಟಿದ ಮೊಸರಿನ ಗಡಿಗೆಯನ್ನು ಜೋರಾಗಿ ಕುಲುಕಿದರೆ ಗಡಿಗೆ ಬಿರುಕು ಬಿಡುವುದಿಲ್ಲ, ಮೊಸರು ಒಡೆಯುತ್ತದೆ. ಹೆಲ್ಮೆಟ್ ಹಾಕಿದವರಿಗೂ ಕನ್‌ಕಷನ್ ಆಗುವುದು ಇದೇ ಕಾರಣಕ್ಕೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು.

ಅಲುಗಿದ ಮಿದುಳಿನಲ್ಲಿ ನರತಂತುಗಳು ಜಗ್ಗುತ್ತವೆ, ನರಕೋಶಗಳ ಒಳಹೊರಗಿನ ಲವಣಗಳ ಲೆಕ್ಕ ತಪ್ಪುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ಎಂದಿಗಿಂತ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ಮಿದುಳಿಗೆ ರಕ್ತ ಹರಿಯುವುದು ಕಡಿಮೆಯಾಗಿರುತ್ತದೆ. ಈ ಕೊರತೆ ತುಂಬಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ, ಎಂಆರ್‌ಐಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

"ಪ್ರಜ್ಞೆ ತಪ್ಪಲಿಲ್ಲ, ಹಾಗಾಗಿ ಕನ್‌ಕಷನ್ ಅಲ್ಲ" ಎಂಬ ಮಾತು ತುಂಬಾ ಚಾಲ್ತಿಯಲ್ಲಿದೆ. ಅದು ತಪ್ಪು. ಆಟದಲ್ಲಿ ಆಗುವ ಕನ್‌ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದು ನೂರಕ್ಕೆ ಹತ್ತು ಮಂದಿಗೂ ಇಲ್ಲ.

ಈ ಕೊರತೆಯ ದಿನಗಳಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಚೇತರಿಕೆ ತುಂಬಾ ನಿಧಾನವಾಗುತ್ತದೆ. ಅಪರೂಪಕ್ಕೆ, ಅದರಲ್ಲೂ ಹದಿಹರೆಯದವರಲ್ಲಿ, ಮಿದುಳು ನಿಮಿಷಗಳಲ್ಲೇ ಊದಿಕೊಂಡು ಜೀವಕ್ಕೇ ಕುತ್ತಾಗುತ್ತದೆ. ಕೆನಡಾದ ಒಟ್ಟಾವಾದಲ್ಲಿ 2013ರಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ ಶಾಲಾ ರಗ್ಬಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಪೆಟ್ಟು ತಿಂದು ತೀರಿಕೊಂಡಳು. ಅವಳ ಹೆಸರಿನಲ್ಲೇ ಒಂಟಾರಿಯೊ ಪ್ರಾಂತ್ಯ 2018ರಲ್ಲಿ ಕಾನೂನು ಮಾಡಿತು. ಕನ್‌ಕಷನ್ ಅನುಮಾನ ಬಂದ ಆಟಗಾರರನ್ನು ಹೊರಗೆ ಕರೆಯುವುದು, ಕ್ರಮಬದ್ಧವಾಗಿಯೇ ವಾಪಸ್ ಕರೆತರುವುದು ಅಲ್ಲಿ ಕಡ್ಡಾಯ. ಟೊರಾಂಟೊ ಸುತ್ತಮುತ್ತ ಮಕ್ಕಳನ್ನು ಸಾಕರ್, ಹಾಕಿಗೆ ಕಳಿಸುವ ಕನ್ನಡ ಕುಟುಂಬಗಳು ಪ್ರತಿ ವರ್ಷ ಸಹಿ ಹಾಕುವ ಕಾಗದಗಳಲ್ಲಿ ಒಂದು ಇದಕ್ಕೆ ಸಂಬಂಧಿಸಿದ್ದೇ.

ಪಂದ್ಯಕ್ಕೆ ಮುಂಚೆ ಸಿದ್ಧವಿರಬೇಕಾದ್ದು

ಎಲ್ಲಕ್ಕಿಂತ ಮುಖ್ಯ ಒಬ್ಬ ವ್ಯಕ್ತಿ. ತಲೆಗೆ ಪೆಟ್ಟು ಬಿದ್ದವರನ್ನು ಹೊರಗೆ ಕೂರಿಸುವ ಅಧಿಕಾರ ಯಾರದು ಎಂದು ಪಂದ್ಯ ಶುರುವಾಗುವ ಮುಂಚೆಯೇ ಎರಡೂ ತಂಡಗಳ ಎದುರು ಹೇಳಿಬಿಡಿ. ಅವರು ಗೆಲ್ಲುವ ಒತ್ತಡದಲ್ಲಿರುವ ಕೋಚ್ ಆಗಿರಬಾರದು, ಕ್ಯಾಪ್ಟನ್ ಅಂತೂ ಬೇಡವೇ ಬೇಡ. ಆರೋಗ್ಯ ಕೇಂದ್ರದ ನರ್ಸ್ ಆಗಬಹುದು, ಬೇರೆ ಶಾಲೆಯ ಶಿಕ್ಷಕರಾಗಬಹುದು, ವಿಷಯ ತಿಳಿದ ಒಬ್ಬ ಪೋಷಕರಾಗಬಹುದು. ಅವರು "ಹೊರಗೆ" ಎಂದ ಮೇಲೆ ಚರ್ಚೆ ಇಲ್ಲ. ಆಟಗಾರನ ಬಾಯಿಂದ "ನನಗಾಗುವುದಿಲ್ಲ" ಎಂಬ ಮಾತು ಬರಲಿ ಎಂದು ಕಾಯುವುದು ಅನ್ಯಾಯ. ಸೆಲೆಕ್ಷನ್ ಪಂದ್ಯದಲ್ಲಿ, ಊರಿನವರೆಲ್ಲ ಕಿರುಚುತ್ತಿರುವಾಗ, ಯಾವ ಹುಡುಗನೂ ಹಾಗೆ ಹೇಳುವುದಿಲ್ಲ. ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಕೊರತೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಡಾಕ್ಟರ್ ಇಲ್ಲದ ಮೈದಾನವನ್ನು ಹೇಗೋ ನಿಭಾಯಿಸಬಹುದು, ನಿರ್ಧಾರ ತೆಗೆದುಕೊಳ್ಳುವವರೇ ಇಲ್ಲದ ಮೈದಾನವನ್ನು ನಿಭಾಯಿಸಲಾಗದು.

ಜೊತೆಗೆ ಇವು ಇರಲಿ: ಎಲ್ಲ ಆಟಗಾರರ ಮನೆಯವರ ಫೋನ್ ನಂಬರ್, ದಿನವಿಡೀ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬ ಮಾಹಿತಿ, ತಯಾರಿರುವ ಒಂದು ವಾಹನ. ವೈದ್ಯರಲ್ಲದವರು ಕನ್‌ಕಷನ್ ಗುರುತಿಸಲೆಂದೇ ತಯಾರಿಸಿದ ಸಿಆರ್‌ಟಿ 6 ಎಂಬ ಕಾರ್ಡ್ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಿಂಟ್ ಹಾಕಿಸಿ ಕಿಟ್ ಬ್ಯಾಗಿನಲ್ಲಿಡಿ. ವೈದ್ಯರು ಬಳಸುವ ಸ್ಕ್ಯಾಟ್ 6 ಎಂಬ ಪರೀಕ್ಷಾ ಹಾಳೆಯೂ ಹಾಗೆಯೇ ಸಿಗುತ್ತದೆ. ಅದರಲ್ಲಿ 22 ಲಕ್ಷಣಗಳ ಪಟ್ಟಿ, ನೆನಪಿನ ಪರೀಕ್ಷೆ, ಸಮತೋಲದ ಪರೀಕ್ಷೆ ಇವೆ. 13 ವರ್ಷ ಮೇಲ್ಪಟ್ಟವರಿಗೆ ಅದು, 8ರಿಂದ 12 ವರ್ಷದ ಮಕ್ಕಳಿಗೆ ಬೇರೆಯೇ ಹಾಳೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಆಟಗಾಯಗಳ ರೂಢಿ ಇಲ್ಲದಿದ್ದರೂ ಆ ಹಾಳೆ ಮುಂದಿಟ್ಟರೆ ಅವರ ಕೆಲಸ ಸಲೀಸಾಗುತ್ತದೆ.

ಹಂತ 1: ಅನುಮಾನ ಬಂದ ಕೂಡಲೇ ಹೊರಗೆ

ಕಬಡ್ಡಿ ಅಂಗಳವನ್ನೇ ನೋಡಿ. ಆಂಕಲ್ ಹೋಲ್ಡಿಗೆ ಸಿಕ್ಕ ರೈಡರನ್ನು ಇನ್ನಿಬ್ಬರು ಬಂದು ಕೆಡವುತ್ತಾರೆ, ಯಾರದೋ ಮೊಣಕಾಲು ಅವನ ಕಪಾಳಕ್ಕೆ ತಾಗುತ್ತದೆ. ವಿಸಿಲ್ ಆಗುತ್ತದೆ, ಎಲ್ಲರೂ ಏಳುತ್ತಾರೆ, ಅವನು ಮಾತ್ರ ಒಂದು ಕ್ಷಣ ತಡವಾಗಿ ಏಳುತ್ತಾನೆ. ಎದ್ದವನು ಎದುರಾಳಿಯ ಅಂಗಳದಲ್ಲೇ ನಿಂತು ಸುತ್ತ ನೋಡುತ್ತಾನೆ, ಆಮೇಲೆ ಯಾರೋ ಭುಜ ಹಿಡಿದು ತಿರುಗಿಸಿದ ಮೇಲೆ ತನ್ನ ಬೆಂಚಿನತ್ತ ಹೆಜ್ಜೆ ಹಾಕುತ್ತಾನೆ. ಬಾಟಲಿಯಿಂದ ತಲೆಗೆ ನೀರು ಸುರಿಯುತ್ತಾರೆ, ಬೆನ್ನು ತಟ್ಟುತ್ತಾರೆ. ಮುಂದಿನ ನಿಮಿಷದಲ್ಲಿ ತಂಡಕ್ಕೆ ಪಾಯಿಂಟ್ ಬಂದರೆ ಅವನು ರಿವೈವ್ ಆಗಿ ತಾನಾಗಿಯೇ ಒಳಗೆ ಬಂದುಬಿಡುತ್ತಾನೆ! ಕಬಡ್ಡಿಯ ನಿಯಮವೇ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಔಟಾಗಿ ಕೂತದ್ದನ್ನು ವಿಶ್ರಾಂತಿ ಎಂದು ಲೆಕ್ಕ ಹಾಕಬೇಡಿ. ಬದಲಿ ಆಟಗಾರನನ್ನು ಇಳಿಸಿ, ಪೆಟ್ಟು ತಿಂದವನ ಶೂ ಬಿಚ್ಚಿಸಿ.

ಇವುಗಳಲ್ಲಿ ಒಂದು ಕಂಡರೂ ಸಾಕು, ಹೊರಗೆ ಕರೆಯಿರಿ: ಅಲುಗಾಡದೆ ಬಿದ್ದಿರುವುದು, ನಿಧಾನವಾಗಿ ಏಳುವುದು, ತಲೆ ಹಿಡಿದುಕೊಳ್ಳುವುದು, ತೂರಾಡುವುದು, ಮಂಕಾದ ಖಾಲಿ ನೋಟ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಕೇಳಿದ್ದನ್ನೇ ಮತ್ತೆ ಕೇಳುವುದು. ಅವನು ಹೇಳುವ ಮಾತಿನಲ್ಲಿ ಇವು ಬರಬಹುದು: ತಲೆನೋವು, ತಲೆ ಗಿರ್ ಅನ್ನುವುದು, ವಾಕರಿಕೆ, ಕಣ್ಣು ಮಂಜಾಗುವುದು, ಬೆಳಕು ಸದ್ದು ತಡೆಯಲಾಗದಿರುವುದು, "ಏನೋ ಸರಿ ಇಲ್ಲ ಸಾರ್" ಎಂಬ ಮಾತು. ಈ ಕೊನೆಯದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವಿನಾಕಾರಣ ಸಿಡುಕುವುದು, ಅಳುವುದು ಕೂಡ ಲಕ್ಷಣವೇ.

ನೆನಪು ಪರೀಕ್ಷಿಸಲು "ನಿನ್ನ ಹೆಸರೇನು, ಇವತ್ತು ಯಾವ ವಾರ" ಎಂದು ಕೇಳಿ ಪ್ರಯೋಜನ ಕಡಿಮೆ. ಪೆಟ್ಟು ಬಿದ್ದವರೂ ಹೆಸರು ಸರಿಯಾಗಿಯೇ ಹೇಳುತ್ತಾರೆ. ಆ ಹೊತ್ತಿನ ಆಟದ ಬಗ್ಗೆಯೇ ಕೇಳಿ:

- ನಾವೀಗ ಯಾವ ಮೈದಾನದಲ್ಲಿದ್ದೇವೆ?
- ಇದು ಮೊದಲರ್ಧವೋ ಎರಡನೆಯದೋ?
- ಕೊನೆಯ ಪಾಯಿಂಟ್, ಅಥವಾ ಗೋಲು, ಯಾರು ತಂದರು?
- ಹಿಂದಿನ ಪಂದ್ಯ ಯಾರ ಮೇಲೆ ಆಡಿದೆವು? ಗೆದ್ದೆವೋ ಸೋತೆವೋ?

ಒಂದು ಉತ್ತರ ತಪ್ಪಿದರೂ ಆಟ ಮುಗಿಯಿತು. ಎಲ್ಲವೂ ಸರಿ ಇದ್ದರೆ? ಆಗಲೂ ಅನುಮಾನ ಉಳಿದಿದ್ದರೆ ಆಡಿಸಬೇಡಿ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ತಂಡದ ವೈದ್ಯರ ಪರೀಕ್ಷೆಯಲ್ಲಿ ಪಾಸಾಗಿ ಅವರು ಮತ್ತೆ ಬ್ಯಾಟಿಂಗ್‌ಗೆ ಬಂದು 92ಕ್ಕೆ ಔಟಾದರು. ಲಕ್ಷಣಗಳು ಕಾಣಿಸಿಕೊಂಡದ್ದು ಆಮೇಲೆ. ಮರುದಿನ ಮಾರ್ನಸ್ ಲಬುಶೇನ್ ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್‌ಕಷನ್ ಬದಲಿ ಆಟಗಾರನಾಗಿ ಇಳಿದರು, ಮುಂದಿನ ಟೆಸ್ಟನ್ನೂ ಸ್ಮಿತ್ ಆಡಲಿಲ್ಲ. ಪಕ್ಕದಲ್ಲೇ ಪರಿಣತ ವೈದ್ಯರಿದ್ದ ಕಡೆಯೇ ಹೀಗಾದರೆ ನಮ್ಮ ಮೈದಾನದಲ್ಲಿ ಎರಡು ನಿಮಿಷದ ಪರೀಕ್ಷೆಯನ್ನು ನಂಬಿ ವಾಪಸ್ ಕಳಿಸುವುದು ಹೇಗೆ? ಲಕ್ಷಣಗಳು ಗಂಟೆಗಳ ನಂತರ, ಕೆಲವರಲ್ಲಿ ಮರುದಿನ, ಕಾಣಿಸಿಕೊಳ್ಳುತ್ತವೆ.

ಎಚ್ಚರಿಕೆ: ಪ್ರಜ್ಞೆ ಇಲ್ಲದಿದ್ದರೆ, ಕುತ್ತಿಗೆ ನೋವೆಂದರೆ, ಕೈಕಾಲು ಜೋಮು ಎಂದರೆ ಎತ್ತಿ ಕೂರಿಸಬೇಡಿ. ಕೈಕಾಲು ಹಿಡಿದು ಹೊತ್ತೊಯ್ಯುವ ನಮ್ಮ ರೂಢಿ ಕುತ್ತಿಗೆಯ ಮೂಳೆ ಮುರಿದಿದ್ದರೆ ಜೀವಮಾನದ ಪಾರ್ಶ್ವವಾಯು ತಂದೀತು. ಇದ್ದಲ್ಲೇ ಮಲಗಿರಲಿ, ಒಬ್ಬರು ತಲೆಯನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿಯಿರಿ, ಉಸಿರಾಟ ಗಮನಿಸಿ, 108ಕ್ಕೆ ಕರೆ ಮಾಡಿ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ಬಿಚ್ಚುವ ಗೋಜಿಗೆ ಹೋಗಬೇಡಿ. ಬಾಯಿಗೆ ನೀರು ಹಾಕಬೇಡಿ.

ಹಂತ 2: ಇವು ಕಂಡರೆ ನೇರ ಆಸ್ಪತ್ರೆಗೆ

ಕನ್‌ಕಷನ್ನಿಗೂ ಮಿದುಳಿನ ರಕ್ತಸ್ರಾವಕ್ಕೂ ಆರಂಭದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ರಕ್ತ ನಿಧಾನವಾಗಿ ಸೇರಿಕೊಳ್ಳುವಾಗ ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, "ಏನಿಲ್ಲ" ಎನ್ನುತ್ತಾನೆ. ಭಾರತದ ಮಾಜಿ ಆರಂಭಿಕ ಬ್ಯಾಟ್ಸ್‌ಮನ್ ರಮಣ್ ಲಾಂಬಾ 1998ರಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದಾಗ ಚೆಂಡು ತಲೆಗೆ ಬಡಿಯಿತು. ಎದ್ದು ನಡೆದೇ ಮೈದಾನದಿಂದ ಹೊರಬಂದರು. ಆಮೇಲೆ ಸ್ಥಿತಿ ಕೆಟ್ಟು, ಶಸ್ತ್ರಚಿಕಿತ್ಸೆ ಆದರೂ, ಕೆಲವೇ ದಿನಗಳಲ್ಲಿ ತೀರಿಕೊಂಡರು.

ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ತಡ ಮಾಡಬೇಡಿ. ಪೆಟ್ಟು ಬಿದ್ದ ದಿನ ಮಾತ್ರವಲ್ಲ, ಮುಂದಿನ ಒಂದೆರಡು ದಿನವೂ ಇವುಗಳ ಮೇಲೆ ಕಣ್ಣಿರಲಿ.

- ಪ್ರಜ್ಞೆ ತಪ್ಪಿದ್ದು, ಎಷ್ಟೇ ಚಿಕ್ಕ ಹೊತ್ತಾದರೂ
- ಫಿಟ್ಸ್
- ಮತ್ತೆ ಮತ್ತೆ ವಾಂತಿ
- ತಲೆನೋವು ಗಂಟೆಗಂಟೆಗೆ ಏರುತ್ತಿರುವುದು
- ಗೊಂದಲ ಹೆಚ್ಚುತ್ತಿರುವುದು, ತೂಕಡಿಕೆ, ಎಬ್ಬಿಸಿದರೂ ಏಳದಿರುವುದು
- ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಹೋಗುವುದು
- ಕೈಕಾಲಿನಲ್ಲಿ ಶಕ್ತಿ ಕುಂದುವುದು, ಜೋಮು, ಉರಿ
- ಕುತ್ತಿಗೆ ನೋವು, ಮುಟ್ಟಿದರೆ ನೋಯುವುದು
- ಹಿಡಿತಕ್ಕೆ ಸಿಗದಷ್ಟು ಚಡಪಡಿಕೆ, ಹೊಡೆದಾಟಕ್ಕೇ ಬರುವುದು
- ಬುರುಡೆ ತಗ್ಗಾದಂತೆ ಕಾಣುವುದು. ಮೂಗು ಕಿವಿಯಿಂದ ರಕ್ತ ಅಥವಾ ನೀರಿನಂಥ ದ್ರವ

ಸ್ಕ್ಯಾನ್ ಬೇಕೋ ಬೇಡವೋ ಎಂಬುದನ್ನು ಡಾಕ್ಟರ್ ತೀರ್ಮಾನಿಸಲಿ. ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ, ಸಿಟಿ ಸ್ಕ್ಯಾನಿನ ವಿಕಿರಣ ಚಿಕ್ಕವರಿಗೆ ಸುಮ್ಮನೆ ಕೊಡುವಂಥದ್ದಲ್ಲ. ಅಪಾಯದ ಸೂಚನೆ ಒಂದೂ ಇಲ್ಲದಿದ್ದರೂ ಅನುಮಾನ ಬಂದ ಪ್ರತಿಯೊಬ್ಬ ಆಟಗಾರನನ್ನೂ ಡಾಕ್ಟರ್ ಒಮ್ಮೆ ನೋಡಬೇಕು. ಸ್ಕ್ಯಾಟ್ 6 ಪರೀಕ್ಷೆ ಮೊದಲ 72 ಗಂಟೆಯೊಳಗೆ ಆದರೆ ಒಳ್ಳೆಯದು, ಒಂದು ವಾರ ಕಳೆದರೆ ಅದರ ಉಪಯೋಗ ಕುಗ್ಗುತ್ತದೆ.

ಹಂತ 3: ಮೊದಲ ಎರಡು ದಿನ

ಮೊದಲ ಕೆಲವು ಗಂಟೆ ಅವನನ್ನು ಒಂಟಿಯಾಗಿ ಬಿಡಬೇಡಿ. ಹಾಸ್ಟೆಲ್ ಮಕ್ಕಳ ವಿಷಯದಲ್ಲಿ ಇದು ತಪ್ಪಿಹೋಗುವುದೇ ಹೆಚ್ಚು. ಪಂದ್ಯ ಮುಗಿಸಿ ಬಂದವನು ಊಟ ಬೇಡವೆಂದು ಮಲಗುತ್ತಾನೆ, ಸುಸ್ತಾಗಿದೆ ಎಂದುಕೊಂಡು ಯಾರೂ ನೋಡುವುದಿಲ್ಲ. ವಾರ್ಡನ್‌ಗೆ ಫೋನ್ ಮಾಡಿ ಹೇಳಿ, ಜೊತೆಗೆ ಮಲಗುವ ಹುಡುಗನಿಗೂ ಅಪಾಯದ ಸೂಚನೆಗಳ ಪಟ್ಟಿ ಕೊಡಿ.

ನಿದ್ದೆ ಮಾಡಲೇಬಾರದು ಎಂಬುದು ಹಳೆಯ ನಂಬಿಕೆ. ಡಾಕ್ಟರ್ ನೋಡಿ ತೊಂದರೆ ಇಲ್ಲವೆಂದ ಮೇಲೆ ಚೆನ್ನಾಗಿ ಮಲಗಲಿ, ಮಿದುಳಿಗೆ ನಿದ್ದೆ ಬೇಕು. ನಡುವೆ ಎಬ್ಬಿಸಿ ನೋಡಬೇಕೇ ಎಂಬುದನ್ನು ಡಾಕ್ಟರನ್ನೇ ಕೇಳಿಕೊಳ್ಳಿ.

ತಲೆನೋವಿಗೆ ಡಾಕ್ಟರ್ ಹೇಳಿದ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವದ ಅನುಮಾನ ಪೂರ್ತಿ ಹೋಗುವವರೆಗೆ ಬೇಡ. ತಂಡದ ಬ್ಯಾಗಿನಲ್ಲಿರುವ ಮಾತ್ರೆಯನ್ನು ಯಾವುದೆಂದು ನೋಡದೆ ಕೊಡುವ ಅಭ್ಯಾಸ ಇಲ್ಲಿಗೆ ನಿಲ್ಲಲಿ. ನಿದ್ದೆ ಮಾತ್ರೆ, ಮದ್ಯ ಬೇಡ. ಡಾಕ್ಟರ್ ಸರಿ ಎನ್ನುವವರೆಗೆ ಬೈಕ್ ಓಡಿಸಬಾರದು. ಪಂದ್ಯ ಮುಗಿಸಿ ತಾನೇ ಗಾಡಿ ಓಡಿಸಿಕೊಂಡು ಊರಿಗೆ ಹೊರಡುವವರಿಗೆ ಇದನ್ನು ಒತ್ತಿ ಹೇಳಬೇಕು.

ಮೊದಲೆಲ್ಲ ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಅದರಿಂದ ಚೇತರಿಕೆ ತಡವಾಗುತ್ತದೆ ಎಂದು ಈಗ ತಿಳಿದಿದೆ. ಮನೆಯೊಳಗೆ ಓಡಾಡಲಿ, ಮೊದಲ ದಿನದಿಂದಲೇ ಸಣ್ಣಪುಟ್ಟ ನಡಿಗೆ ಇರಲಿ, ಲಕ್ಷಣ ಜೋರಾಗದಿದ್ದರೆ ಸಾಕು. ಕಡಿಮೆ ಮಾಡಬೇಕಾದ್ದು ಮೊಬೈಲ್ ಮತ್ತು ಟಿವಿ. ಮೊದಲ 48 ಗಂಟೆ ಪರದೆಯಿಂದ ದೂರ ಇದ್ದವರು ಬೇಗ ಸುಧಾರಿಸುತ್ತಾರೆ.

ಹಂತ 4: ಮೊದಲು ಪುಸ್ತಕ, ಆಮೇಲೆ ಚೆಂಡು

ವಿದ್ಯಾರ್ಥಿ ಆಟಗಾರರು ಪೂರ್ತಿ ತರಗತಿಯಲ್ಲಿ ಕೂರುವಂತಾಗದೆ ಪೂರ್ತಿ ಆಟಕ್ಕೆ ಇಳಿಯಬಾರದು. ಮನೆಯಲ್ಲಿ ಒಮ್ಮೆಗೆ 5ರಿಂದ 15 ನಿಮಿಷ ಓದುವುದರಿಂದ ಶುರು ಮಾಡಿ ನಿಧಾನವಾಗಿ ಹೆಚ್ಚಿಸಿ. ಆಮೇಲೆ ಅರ್ಧ ದಿನ ಶಾಲೆ, ನಡುನಡುವೆ ಬಿಡುವು. ಕೊನೆಗೆ ಇಡೀ ದಿನ. ಬೋರ್ಡ್ ನೋಡಿ ಬರೆಯುವಾಗ ತಲೆ ಸಿಡಿಯುವುದು, ಓದಿದ್ದು ತಲೆಗೆ ಹತ್ತದಿರುವುದು ಸೋಮಾರಿತನವಲ್ಲ ಎಂದು ಕ್ಲಾಸ್ ಟೀಚರ್‌ಗೆ ಪೋಷಕರು ಹೋಗಿ ಹೇಳಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿದ್ದರೆ ಡಾಕ್ಟರ್ ಚೀಟಿ ಕೊಟ್ಟು ಹೆಚ್ಚಿನ ಸಮಯವನ್ನೋ ಬೇರೆ ದಿನವನ್ನೋ ಕೇಳಿಕೊಳ್ಳಿ.

ಹಂತ 5: ಆಟಕ್ಕೆ ಆರು ಮೆಟ್ಟಿಲು

ಇದು ಇಡೀ ಲೇಖನದ ತಿರುಳು. ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ಒಂದೇ ದಿನ ಎರಡು ಮೆಟ್ಟಿಲು ಹತ್ತುವಂತಿಲ್ಲ. ಹಾಗಾಗಿ ಏನೂ ತೊಡಕಿಲ್ಲದಿದ್ದರೂ ಸುಮಾರು ಒಂದು ವಾರ ಬೇಕೇ ಬೇಕು. ವಯಸ್ಕರಲ್ಲಿ ಬಹುತೇಕರಿಗೆ ಎರಡು ವಾರ, ಮಕ್ಕಳಿಗೆ ನಾಲ್ಕು ವಾರದವರೆಗೂ ಹಿಡಿಯಬಹುದು.

ತಲೆನೋವನ್ನು 0ಯಿಂದ 10ರವರೆಗೆ ಅಳೆಯುವಂತೆ ಆಟಗಾರನಿಗೆ ಹೇಳಿಕೊಡಿ. ವ್ಯಾಯಾಮಕ್ಕೆ ಮುಂಚೆ 1 ಇದ್ದದ್ದು 3ರೊಳಗೆ ನಿಂತು, ಒಂದು ಗಂಟೆಯೊಳಗೆ ಇಳಿದರೆ ಅಡ್ಡಿ ಇಲ್ಲ. ಎರಡು ಅಂಕಕ್ಕಿಂತ ಹೆಚ್ಚು ಏರಿದರೆ, ಅಥವಾ ಗಂಟೆ ಕಳೆದರೂ ಇಳಿಯದಿದ್ದರೆ, ಅಂದಿಗೆ ನಿಲ್ಲಿಸಿ. ಮರುದಿನ ಮತ್ತೆ ನೋಡಿ.

ಮೆಟ್ಟಿಲು 1. ನಿತ್ಯದ ಕೆಲಸ, ನಡಿಗೆ.

ಮೆಟ್ಟಿಲು 2. ಹಗುರ ವ್ಯಾಯಾಮ: ನಿಂತಲ್ಲೇ ಇರುವ ಸೈಕಲ್, ಚುರುಕು ನಡಿಗೆ. ಮೊದಲು ಗರಿಷ್ಠ ಹೃದಯ ಬಡಿತದ ಶೇ. 55ರವರೆಗೆ, ಅದು ಸರಿಹೋದರೆ ಶೇ. 70ರವರೆಗೆ. ಗರಿಷ್ಠ ಬಡಿತ ಎಂದರೆ ಸುಮಾರಾಗಿ 220ರಲ್ಲಿ ವಯಸ್ಸನ್ನು ಕಳೆದದ್ದು. 16ರ ಹುಡುಗನಿಗೆ 204; ಅಂದರೆ ಮೊದಲು ನಿಮಿಷಕ್ಕೆ 112, ಆಮೇಲೆ 143. ವಾಚ್ ಇಲ್ಲದಿದ್ದರೆ ಮಣಿಕಟ್ಟಿನಲ್ಲಿ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸ್ಕಿಪ್ಪಿಂಗ್, ಜಿಗಿತ ಈಗ ಬೇಡ.

ಮೆಟ್ಟಿಲು 3. ತನ್ನ ಆಟದ್ದೇ ಅಭ್ಯಾಸ, ಆದರೆ ತಂಡದಿಂದ ದೂರ, ಒಬ್ಬನೇ. ಕಬಡ್ಡಿಯವನು ಖಾಲಿ ಅಂಗಳದಲ್ಲಿ ಕಾಲ್ಚಳಕ, ದಿಕ್ಕು ಬದಲಿಸುವ ಓಟ ಮಾಡಲಿ. ಫುಟ್‌ಬಾಲಿನವನು ಕೋನ್‌ಗಳ ನಡುವೆ ಡ್ರಿಬಲ್ ಮಾಡಲಿ, ಹೆಡ್ಡಿಂಗ್ ಮಾತ್ರ ಬೇಡ. ಬ್ಯಾಟ್ಸ್‌ಮನ್ ಚೆಂಡಿಲ್ಲದೆ ಶಾಟ್ ತಿರುಗಿಸಲಿ. ತಲೆಗೆ ಪೆಟ್ಟು ಬೀಳುವ ಸಾಧ್ಯತೆ ಸೊನ್ನೆ ಇರಬೇಕು. ಅಷ್ಟು ಖಾತ್ರಿ ಇಲ್ಲದಿದ್ದರೆ ಡಾಕ್ಟರ್ ಒಪ್ಪಿಗೆ ಬರುವವರೆಗೆ ಈ ಮೆಟ್ಟಿಲೂ ಬೇಡ.

ಇಲ್ಲಿ ನಿಲ್ಲಿ. ಮುಂದಕ್ಕೆ ಹೋಗಲು ಮೂರು ಷರತ್ತು: ಸುಮ್ಮನಿದ್ದಾಗಲೂ, ಬೆವರು ಸುರಿಸಿದಾಗಲೂ ಒಂದು ಲಕ್ಷಣವೂ ಇರಬಾರದು, ನೆನಪು, ಗಮನ ಮೊದಲಿನಂತಾಗಿರಬೇಕು, ಪೆಟ್ಟು ಬೀಳುವ ಸಾಧ್ಯತೆ ಇರುವ ಆಟಗಳಿಗೆ ಡಾಕ್ಟರ್ ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ತಲೆನೋವಿನ ಮಾತ್ರೆ ನುಂಗಿ "ಲಕ್ಷಣ ಇಲ್ಲ" ಎಂದರೆ ಅದು ಲೆಕ್ಕಕ್ಕಿಲ್ಲ. ನಮ್ಮ ತಂಡಗಳು ಎಡವುವುದು ಬಹುತೇಕ ಇಲ್ಲೇ. ಹುಡುಗ ಓಡುತ್ತಿದ್ದಾನೆ, ಜಿಗಿಯುತ್ತಿದ್ದಾನೆ, ಇನ್ನೇನು ಬೇಕು ಎಂದು ನೇರವಾಗಿ ಪಂದ್ಯಕ್ಕೆ ಇಳಿಸುತ್ತಾರೆ. ಕಾಲಿನ ಉಳುಕು ಕುಂಟುವುದರಲ್ಲಿ ಕಾಣುತ್ತದೆ, ಇದು ಕಾಣುವುದಿಲ್ಲ.

ಮೆಟ್ಟಿಲು 4. ತಂಡದ ಜೊತೆ ಅಭ್ಯಾಸ, ಮೈಗೆ ಮೈ ತಾಗದಂತೆ. ಪಾಸಿಂಗ್, ಫೀಲ್ಡಿಂಗ್, ಸಾಫ್ಟ್ ಬಾಲಿನಲ್ಲಿ ನೆಟ್ಸ್. ಯೋಚಿಸಿ ಆಡಬೇಕಾದ ಅಭ್ಯಾಸಗಳನ್ನೇ ಕೊಡಿ. ತಡವಾಗಿ ಪ್ರತಿಕ್ರಿಯಿಸುತ್ತಿದ್ದಾನೆಯೇ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಮೆಟ್ಟಿಲು 5. ಪೂರ್ತಿ ಅಭ್ಯಾಸ: ಟ್ಯಾಕಲ್, ಡ್ಯಾಶ್, ಪಟ್ಟು, ವೇಗದ ಬೌಲಿಂಗ್ ಎಲ್ಲವೂ. ಕೋಚ್ ನೋಡಬೇಕಾದ್ದು ಹುಡುಗನ ಧೈರ್ಯವನ್ನೂ ಹೌದು. ಚೆಂಡು ಬಂದಾಗ ಕಣ್ಣು ಮುಚ್ಚಿ ಮುಖ ತಿರುಗಿಸುವವನನ್ನು, ಡ್ಯಾಶ್‌ಗೆ ಹೆದರಿ ಅರೆಮನಸ್ಸಿನಿಂದ ನುಗ್ಗುವವನನ್ನು ಪಂದ್ಯಕ್ಕೆ ಇಳಿಸಿದರೆ ಮತ್ತೆ ಗಾಯ ಖಚಿತ. ಇನ್ನೂ ಕೆಲವು ದಿನ ಕೊಡಿ.

ಮೆಟ್ಟಿಲು 6. ಪಂದ್ಯ.

4, 5, 6ರಲ್ಲಿ ಯಾವಾಗಲೇ ಆಗಲಿ ಲಕ್ಷಣ ಮರುಕಳಿಸಿದರೆ 3ಕ್ಕೆ ವಾಪಸ್. ಇದು ಶಿಕ್ಷೆಯಲ್ಲ ಎಂದು ಆಟಗಾರನಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಅವನು ಮುಚ್ಚಿಡುತ್ತಾನೆ.

"ವಾರಕ್ಕೇ ಎಲ್ಲ ಸರಿಹೋಯಿತು, ಆಡಬಹುದಲ್ಲ?" ಎನ್ನುವವರಿಗೆ ಒಂದು ಮಾತು. ವೃತ್ತಿಪರ ತಂಡಗಳಲ್ಲಿ ದಿನವೂ ನೋಡುವ ವೈದ್ಯರಿರುತ್ತಾರೆ, ಅವರು ಬೇಗ ವಾಪಸ್ ಬರುವುದನ್ನು ನೋಡಿ ನಾವು ಲೆಕ್ಕ ಹಾಕಬಾರದು. ಅಂಥ ವೈದ್ಯರಿಲ್ಲದ ಊರು, ಶಾಲೆ, ಕ್ಲಬ್‌ಗಳಿಗೆಂದೇ ಬ್ರಿಟನ್ 2023ರಲ್ಲಿ ಬೇರೆ ನಿಯಮ ತಂದಿತು: 14 ದಿನ ಲಕ್ಷಣವೇ ಇಲ್ಲದೆ ಕಳೆದ ಮೇಲಷ್ಟೇ ಪೆಟ್ಟು ಬೀಳುವಂಥ ಅಭ್ಯಾಸ, 21ನೇ ದಿನಕ್ಕೆ ಮುಂಚೆ ಪಂದ್ಯವೇ ಇಲ್ಲ. ನಮ್ಮ ಶಾಲೆ, ಊರಿನ ತಂಡಗಳು ಇದನ್ನೇ ಅನುಸರಿಸಲಿ ಎಂಬುದು ನನ್ನ ಸಲಹೆ. ಮೂರು ವಾರಕ್ಕೆ ಒಂದು ಟೂರ್ನಿ ಕೈತಪ್ಪಬಹುದು. 16 ವರ್ಷದವನಿಗೆ ಮುಂದಿನ ವರ್ಷವೂ ಟೂರ್ನಿ ಇರುತ್ತದೆ.

ನಾಲ್ಕು ವಾರವಾದರೂ ವಾಸಿಯಾಗದಿದ್ದರೆ

ಸುಮ್ಮನೆ ಇನ್ನಷ್ಟು ವಿಶ್ರಾಂತಿ ಕೊಡುತ್ತ ಕೂರಬೇಡಿ. ಉಳಿದುಕೊಂಡ ತಲೆನೋವಿಗೆ ಕೆಲವೊಮ್ಮೆ ಕುತ್ತಿಗೆಯೇ ಮೂಲ, ತಲೆಸುತ್ತಿಗೆ ಒಳಕಿವಿಯ ಸಮತೋಲ ವ್ಯವಸ್ಥೆ ಮೂಲ. ಎರಡಕ್ಕೂ ಫಿಸಿಯೋಥೆರಪಿಯಲ್ಲಿ ಒಳ್ಳೆಯ ಚಿಕಿತ್ಸೆ ಇದೆ. 10 ದಿನ ಕಳೆದರೂ ತಲೆಸುತ್ತು, ಕುತ್ತಿಗೆ ನೋವು ಇದ್ದರೆ ಆಗಲೇ ವಿಚಾರಿಸಿ. ನಿದ್ದೆ ಕೆಡುವುದು, ಬೇಸರ, ಆತಂಕ ಕೂಡ ಇದೇ ಗಾಯದ ಭಾಗ. ನಾಲ್ಕು ವಾರ ದಾಟಿದರೆ ನರರೋಗ ತಜ್ಞರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವಿಜ್ಞಾನ, ಮನೋವೈದ್ಯಕೀಯ, ಪುನಶ್ಚೇತನ ಮೂರೂ ಒಂದೇ ಆವರಣದಲ್ಲಿ ಸಿಗುವುದು ಅನುಕೂಲ.

ಮತ್ತೆ ಮತ್ತೆ ಕನ್‌ಕಷನ್ ಆಗುತ್ತಿದ್ದರೆ, ಪ್ರತಿ ಸಲ ಇನ್ನೂ ಚಿಕ್ಕ ಪೆಟ್ಟಿಗೇ ಆಗುತ್ತಿದ್ದರೆ, ವಾಸಿಯಾಗಲು ಪ್ರತಿ ಸಲ ಹೆಚ್ಚು ದಿನ ಹಿಡಿಯುತ್ತಿದ್ದರೆ ಆ ಆಟವನ್ನು ಮುಂದುವರಿಸಬೇಕೇ ಎಂದು ತಜ್ಞರ ಜೊತೆ ಕೂತು ಮಾತಾಡಲೇಬೇಕು. ಆಸ್ಟ್ರೇಲಿಯಾದ ವಿಲ್ ಪುಕೊವ್‌ಸ್ಕಿ ಭಾರತದ ವಿರುದ್ಧ 2021ರಲ್ಲಿ ಸಿಡ್ನಿಯಲ್ಲಿ ಟೆಸ್ಟ್ ಪದಾರ್ಪಣೆ ಮಾಡಿ ಅರ್ಧಶತಕ ಹೊಡೆದ ಹುಡುಗ. ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾಗಿ 2025ರಲ್ಲಿ, 27ನೇ ವಯಸ್ಸಿಗೇ, ಆಟ ಬಿಟ್ಟರು.

ಸಲಕರಣೆಯ ಬಗ್ಗೆ ಚುಟುಕಾಗಿ. ಕ್ರಿಕೆಟ್ ಹೆಲ್ಮೆಟ್ ಕೊಳ್ಳುವಾಗ ಒಳಗೆ ಬಿಎಸ್ 7928:2013 ಎಂಬ ಗುರುತು ಇದೆಯೇ ನೋಡಿ. ಜೋರಾಗಿ ಚೆಂಡು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಇಡೀ ತಂಡಕ್ಕೆ ಒಂದೇ ಅಳತೆಯ ಮೂರು ಹೆಲ್ಮೆಟ್ ಇಟ್ಟುಕೊಂಡು ಸಡಿಲವಾದದ್ದನ್ನು ತಲೆಗೇರಿಸುವುದು ರಕ್ಷಣೆಯೇ ಅಲ್ಲ. ಹಾಕಿ ಆಡುವವರಿಗೆ ಮೌತ್‌ಗಾರ್ಡ್ ಇರಲಿ, ಹಲ್ಲಾದರೂ ಉಳಿಯುತ್ತದೆ. ಪೆನಾಲ್ಟಿ ಕಾರ್ನರ್ ತಡೆಯಲು ನುಗ್ಗುವವರಿಗೆ ಮುಖಕವಚ ಹಾಕಿಸಿ.

ಕೊನೆಯದಾಗಿ ಒಂದು ನೋಟ್‌ಬುಕ್

ಪೆಟ್ಟು ಬಿದ್ದ ದಿನ, ಹೇಗೆ ಬಿತ್ತು, ಯಾವ ಲಕ್ಷಣ, ಯಾವ ದಿನ ಯಾವ ಮೆಟ್ಟಿಲು, ಡಾಕ್ಟರ್ ಯಾವಾಗ ಒಪ್ಪಿದರು, ಎಲ್ಲವನ್ನೂ ಬರೆದಿಡಿ. ಹುಡುಗ ಶಾಲಾ ತಂಡದಲ್ಲೂ, ಊರಿನ ಕ್ಲಬ್‌ನಲ್ಲೂ ಆಡುತ್ತಿದ್ದರೆ ಎರಡೂ ಕಡೆಯ ಕೋಚ್‌ಗಳಿಗೆ ಅದರ ಫೋಟೊ ಕಳಿಸಿ. ಶನಿವಾರ ಶಾಲೆಯಲ್ಲಿ ಹೊರಗೆ ಕೂರಿಸಿದವನನ್ನು ಭಾನುವಾರ ಕ್ಲಬ್‌ನವರು ಏನೂ ತಿಳಿಯದೆ ಆಡಿಸುವುದು ಹೀಗಷ್ಟೇ ತಪ್ಪುತ್ತದೆ. ಅವನು ಕ್ರೀಡಾ ಹಾಸ್ಟೆಲ್‌ಗೋ ಬೇರೆ ಕಾಲೇಜಿಗೋ ಸೇರುವಾಗ ಟಿ.ಸಿ., ಅಂಕಪಟ್ಟಿಯ ಜೊತೆಗೆ ಈ ಪುಟಗಳ ಪ್ರತಿಯನ್ನೂ ಕೊಟ್ಟು ಕಳಿಸಿ.